ಕೈ ಸವೆಯುತ್ತಿದೆ, ಇನ್ನು ಬಾಯಿ ಬಿಡೋಣ!

ಕಳಸ, ಸಂಸೆ, ಹೊರನಾಡು, ಹಿರೇಬೈಲು, ಬಾಳೆಹೊಳೆ ಸುತ್ತಿನ ತೋಟಗಳಲ್ಲಿ ದುಡಿಯುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ!

ನಿಮ್ಮ ಬಲಗೈಯನ್ನು ಒಮ್ಮೆ ಮುಂದೆ ಚಾಚಿ. ಮುಷ್ಟಿ ಕಟ್ಟಿ. ಬಿಚ್ಚಿ. ನೋವಾಯಿತಾ? ಒಂದು ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ ಅಂತ ಬಿಚ್ಚಿತಾ? ಹೆಬ್ಬೆರಳಿನ ಬುಡದಲ್ಲಿ ಚುಳುಕ್ ಅಂತಾ? ಬೆರಳ ತುದಿ ಜೋಮು ಹಿಡಿದಿದೆಯಾ?

ಹೌದು ಅಂದರೆ ಈ ಕರಪತ್ರ ನಿಮ್ಮದೇ. ಮಡಚಿ ಸೊಂಟಕ್ಕೆ ಸಿಕ್ಕಿಸಬೇಡಿ. ಈಗಲೇ ಓದಿ. ಓದಲು ಬಾರದವರಿಗೆ ಓದಿ ಹೇಳಿ!

ಈ ನೋವು ನಿಮ್ಮೊಬ್ಬರಿಗೇ ಬಂದದ್ದಲ್ಲ. ಪಕ್ಕದ ಸಾಲಿನಲ್ಲಿ ಹಣ್ಣು ಕೊಯ್ಯುವವಳಿಗೂ ಇದೆ. ಅಡಿಕೆ ಸುಲಿಯುವ ಅತ್ತಿಗೆಗೂ ಇದೆ. ಕಳೆ ಮಿಷನ್ ಹಿಡಿಯುವ ಹುಡುಗನಿಗೂ ಇದೆ. ಇದ್ದೂ ಯಾರೂ ಹೇಳುತ್ತಿಲ್ಲ. ಹೇಳಿದರೆ ನಾಳೆ ಕೆಲಸಕ್ಕೆ ಕರೆಯಲ್ಲ ಅನ್ನೋ ಭಯ. ಆ ಭಯದಲ್ಲೇ ನಮ್ಮ ಕೈ ಹೋಗುತ್ತಿದೆ!

ಒಂದು ದಿನದ ಲೆಕ್ಕ ಹಾಕಿ!

ನವೆಂಬರ್ ಬಂತು ಅಂದರೆ ಅರೇಬಿಕಾ ಹಣ್ಣು. ಅದು ಮುಗಿಯುವ ಮೊದಲೇ ರೊಬಸ್ಟಾ. ನಡುವೆ ಅಡಿಕೆ ಕೊಯ್ಲು. ಹಿಂದೆಯೇ ಕಾಳುಮೆಣಸು. ಅದಾದ ಮೇಲೆ ಕಸಿ. ಮಳೆ ಹಿಡಿದರೆ ಕಳೆ. ವರ್ಷದಲ್ಲಿ ಯಾವ ತಿಂಗಳು ನಮ್ಮ ಕೈಗೆ ಬಿಡುವು? ನೀವೇ ಹೇಳಿ!

ಅರೇಬಿಕಾ ಹಣ್ಣನ್ನು ಆರಿಸಿ ಆರಿಸಿ ತಿರುಚಿ ತೆಗೆಯಬೇಕು. ಹಸಿರು ಕಾಯಿ ಬಂದರೆ ಬೈಗುಳ. ಒಂದು ಕೆಜಿಗೆ ಕಡಿಮೆ ಅಂದರೂ 500 ಹಣ್ಣು ಅಂತ ಹಿಡಿಯಿರಿ. ನೀವು ದಿನಕ್ಕೆ 50 ಕೆಜಿ ಕೊಯ್ದರೆ 25,000 ಹಣ್ಣು! ಒಂದು ಸಲಕ್ಕೆ ಎರಡು ಮೂರು ಹಣ್ಣು ಒಟ್ಟಿಗೆ ಬಂದರೂ ಮಣಿಕಟ್ಟು ತಿರುಗಿದ್ದು ಸಾವಿರಾರು ಸಲ. ಒಂದೇ ಕೈ. ಒಂದೇ ಬೆರಳು. ಒಂದೇ ತಿರುವು. ನಾಳೆ ಮತ್ತೆ ಅಷ್ಟೇ. ನಾಡಿದ್ದೂ ಅಷ್ಟೇ!

ಎಡಗೈಗಾದರೂ ಸುಖ ಇದೆಯಾ? ಅದು ರೆಂಬೆ ಬಗ್ಗಿಸಿ ಹಿಡಿದೇ ಇರಬೇಕು. ಬಿಟ್ಟರೆ ರೆಂಬೆ ಮೇಲೆ ಹೋಗುತ್ತೆ. ಸೊಂಟಕ್ಕೆ ಕಟ್ಟಿದ ಚೀಲ ಕೆಳಗೆ ಜಗ್ಗುತ್ತೆ. ಕಾಲ ಕೆಳಗೆ ಇಳಿಜಾರು. ಬೆಳಗಿನ ಮಂಜಿಗೆ ಎಲೆ ಒದ್ದೆ, ತೋಳು ಒದ್ದೆ, ಬೆರಳು ಮರಗಟ್ಟಿರುತ್ತೆ. ಅದೇ ಬೆರಳಲ್ಲಿ ಮೊದಲ ಹಣ್ಣು ಕೀಳಬೇಕು.

ಸಂಜೆ ತೂಕದ ಹೊತ್ತು ನೆನಪು ಮಾಡಿಕೊಳ್ಳಿ. ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಒದ್ದೆ ಅಂತ ಒಂದಿಷ್ಟು ಕಳೆಯುತ್ತಾರೆ. ಚೀಲದ ತೂಕ ಅಂತ ಇನ್ನೊಂದಿಷ್ಟು. ಕೆಜಿ ಲೆಕ್ಕದಲ್ಲಿ ನೀರು ಕುಡಿಯಲು ಹೋದರೂ ನಷ್ಟ. ಕೈ ನೀವಿಕೊಳ್ಳಲು ನಿಂತರೂ ನಷ್ಟ. ದಿನಗೂಲಿಯವರಿಗಾದರೂ ಇಷ್ಟು ಕೆಜಿ ಆಗಲೇಬೇಕು ಅನ್ನೋ ಮಾತು ತಪ್ಪಿದ್ದಲ್ಲ. ನಮ್ಮ ಹೊಟ್ಟೆಯನ್ನೇ ತೋರಿಸಿ ನಮ್ಮ ಕೈಯನ್ನು ಓಡಿಸುತ್ತಾರೆ!

ಬರೀ ಹಣ್ಣು ಕೊಯ್ಯುವವರ ಕಥೆಯಾ ಇದು?

ಅಡಿಕೆ ಸುಲಿಯುವವರನ್ನು ನೋಡಿ. ತೋಟದ ಕೆಲಸ ಮುಗಿಸಿ, ಮನೆಯ ಊಟ ಮುಗಿಸಿ, ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಎರಡೂ ಹೆಬ್ಬೆರಳು ಒತ್ತಬೇಕು. ಸಿಪ್ಪೆ ಸೀಳಬೇಕು. ಮುಂದಿನ ಅಡಿಕೆ. ಮತ್ತೆ ಮುಂದಿನದು. ಬೆನ್ನು ಬಾಗಿ, ಕುತ್ತಿಗೆ ಬಗ್ಗಿ, ಹನ್ನೊಂದು ಗಂಟೆ, ಹನ್ನೆರಡು ಗಂಟೆ. ಬೆಳಿಗ್ಗೆ ಎದ್ದರೆ ಹೆಬ್ಬೆರಳಲ್ಲಿ ಲೋಟ ಹಿಡಿಯಲು ಆಗಲ್ಲ!

ಕಳೆ ಮಿಷನ್ ಹೊತ್ತ ಹುಡುಗರನ್ನು ನೋಡಿ. ಗಂಟೆಗಟ್ಟಲೆ ಆ ನಡುಕ ಕೈಯೊಳಗೆ ಇಳಿಯುತ್ತೆ. ಕೆಲಸ ನಿಲ್ಲಿಸಿದ ಮೇಲೂ ಅಂಗೈ ಗುಂಯ್ ಅನ್ನುತ್ತೆ. ಆ ನಡುಕಕ್ಕೆ ಬೆರಳಿನ ನರ, ರಕ್ತನಾಳ ಎರಡೂ ಕೆಡುತ್ತವೆ. ಮಳೆಗಾಲದ ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಂಡು ಸತ್ತ ಹಾಗೆ ಆಗುತ್ತಾ? ಹುಷಾರ್! ಅದು ಬರೀ ಚಳಿಯಲ್ಲ. ಮಿಷನ್ ನಿಮ್ಮ ಬೆರಳು ತಿನ್ನುತ್ತಿರಬಹುದು.

ಕಸಿ ಕತ್ತರಿ ಹಿಡಿದವರ ಅಂಗೈ ನೋಡಿ. ಮೊಂಡು ಕತ್ತರಿ! ಒಂದು ರೆಂಬೆಗೆ ಎರಡೆರಡು ಸಲ ಒತ್ತಬೇಕು. ಮರಗಸಿ ಮಾಡುವವರ, ಒಂಟಿ ಏಣಿ ಹತ್ತಿ ಮೆಣಸು ಕೊಯ್ಯುವವರ ಭುಜ ನೋಡಿ. ದಿನವಿಡೀ ತಲೆಗಿಂತ ಮೇಲೆ ಕೈ. ಸಂಜೆ ಅಂಗಿ ಬಿಚ್ಚಲು ಹೆಂಡತಿ ಬೇಕು. ತುಂಬಿದ ಚೀಲ ಬೆನ್ನಿಗೆ ಹಾಕಿಕೊಂಡು ದಿಬ್ಬ ಹತ್ತುವವರ ಸೊಂಟ ನೋಡಿ!

ಹೆಂಗಸರಿಗಂತೂ ಎರಡು ಪಾಳಿ. ತೋಟದಿಂದ ಬಂದ ಮೇಲೆ ನೀರು ಸೇದಬೇಕು, ಸೌದೆ ಒಡೆಯಬೇಕು, ಬಟ್ಟೆ ಹಿಂಡಬೇಕು. ಹಿಂಡುವುದೂ ಅದೇ ಮಣಿಕಟ್ಟು! ತಿರುಚುವುದೂ ಅದೇ ಮಣಿಕಟ್ಟು!

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ನಮ್ಮ ಪಕ್ಕದಲ್ಲೇ ದುಡಿಯುತ್ತಿದ್ದಾರೆ. ಅವರಿಗೆ ಇಲ್ಲಿಯ ಭಾಷೆ ಬಾರದು. ಆಸ್ಪತ್ರೆಯಲ್ಲಿ ನೋವು ಹೇಳಿಕೊಳ್ಳಲೂ ಬಾರದು. ಅವರ ಕೈಯೂ ಕೈಯೇ. ಅವರನ್ನು ಬಿಟ್ಟು ನಾವು ಗೆಲ್ಲುವುದಿಲ್ಲ!

ರಾತ್ರಿ ನಿದ್ದೆ ಯಾಕೆ ಬರುತ್ತಿಲ್ಲ?

ಲೈನ್ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುವವರು ಎಷ್ಟು ಜನ! ಕೈಗೆ ಬೆಂಕಿ ಬಿದ್ದ ಹಾಗೆ ಉರಿ. ಇರುವೆ ಹರಿದ ಹಾಗೆ ಜುಮುಜುಮು. ಎದ್ದು ಕೈ ಕೊಡವುತ್ತಾರೆ. ಸ್ವಲ್ಪ ಹಗುರ ಆಗುತ್ತೆ. ಮಲಗಿದರೆ ಮತ್ತೆ ಶುರು. ಪಕ್ಕದಲ್ಲಿ ಮಲಗಿದ ಮಗುವಿಗೆ ಎಚ್ಚರ ಆಗಬಾರದು ಅಂತ ಜಗಲಿಗೆ ಬಂದು ಕೂರುತ್ತಾರೆ. ಬೆಳಿಗ್ಗೆ ಅದೇ ಮಗುವಿನ ಯೂನಿಫಾರಂ ಗುಂಡಿ ಹಾಕಲು ಬೆರಳು ಬಗ್ಗಲ್ಲ. ಇದು ನೀವೇ ಅಲ್ಲವಾ?

ಏನಾಗಿದೆ ಗೊತ್ತಾ? ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚಿಸುವ ಒಂಬತ್ತು ಎಳೆಗಳು, ಜೊತೆಗೆ ಒಂದು ನರ, ಎಲ್ಲ ಅದರಲ್ಲೇ ಹೋಗಬೇಕು. ಬಿಡುವಿಲ್ಲದೆ ಉಜ್ಜಿದರೆ ಎಳೆಗಳ ಸುತ್ತ ಊತ ಬರುತ್ತೆ. ಜಾಗ ಸಾಲದೆ ನರ ನಲುಗುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳು ಮಾತ್ರ ಚೆನ್ನಾಗೇ ಇರುತ್ತೆ. ಡಾಕ್ಟರು ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ.

ಮೊದಮೊದಲು ರಾತ್ರಿ ಮಾತ್ರ. ಆಮೇಲೆ ಹಗಲೂ ಬರುತ್ತೆ. ಆಮೇಲೆ ಕೈಯಿಂದ ಪಾತ್ರೆ ಜಾರುತ್ತೆ. ಕೊನೆಗೆ ಹೆಬ್ಬೆರಳ ಬುಡದ ಉಬ್ಬಿದ ಮಾಂಸವೇ ಕರಗಿ ಗುಳಿ ಬೀಳುತ್ತೆ. ಅಲ್ಲಿಯವರೆಗೆ ಬಿಟ್ಟರೆ ಹೋದ ಬಲ ಪೂರ್ತಿ ವಾಪಸ್ ಬರುವುದು ಕಷ್ಟ. ಬೇಗ ತೋರಿಸಿದರೆ ಗುಣ ಆಗುತ್ತೆ. ಅದಕ್ಕೇ ಕೂಗಿ ಹೇಳುತ್ತಿದ್ದೇವೆ: ತಡ ಮಾಡಬೇಡಿ!

ನೋವು ಅಂದರೆ ದುಡಿಸುವವರು ಏನೇನು ಹೇಳುತ್ತಾರೆ?

‘ವಯಸ್ಸಾಯಿತಲ್ಲ’ ಅನ್ನುತ್ತಾರೆ. ಮೂವತ್ತೈದು ವಯಸ್ಸಾ? ‘ವಾತ’ ಅನ್ನುತ್ತಾರೆ. ಬರೀ ಬಲಗೈಗೆ, ಅದೂ ಸೀಸನ್‌ನಲ್ಲೇ ಬರುವ ವಾತ ಯಾವುದು? ‘ಶೀತದ ಸೀಮೆ, ಹಾಗೇ’ ಅನ್ನುತ್ತಾರೆ. ಅದೇ ಶೀತದಲ್ಲಿ ಬಂಗಲೆಯಲ್ಲಿ ಇರುವವರ ಬೆರಳು ಯಾಕೆ ಸಿಕ್ಕಿಕೊಳ್ಳಲ್ಲ? ‘ಕೆಲಸಗಳ್ಳತನ’ ಅನ್ನುತ್ತಾರೆ. ಇಪ್ಪತ್ತು ವರ್ಷ ದುಡಿದ ಕೈಗೆ ಈ ಮಾತಾ!

ಪಲ್ಪರ್ ಮನೆಗೆ ಹೋಗಿ ನೋಡಿ. ಸೀಸನ್ ಶುರುವಾಗುವ ಮೊದಲೇ ಮಿಷನ್‌ಗೆ ಗ್ರೀಸ್ ಬೀಳುತ್ತೆ. ಬೆಲ್ಟ್ ಸವೆದರೆ ಹೊಸ ಬೆಲ್ಟ್. ಬೇರಿಂಗ್ ಸದ್ದು ಮಾಡಿದರೆ ಅವತ್ತೇ ಮೆಕ್ಯಾನಿಕ್. ಮಿಷನ್ ನಿಂತರೆ ಹಣ್ಣು ಕೊಳೆಯುತ್ತೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಕೈ ಸದ್ದು ಮಾಡಿದರೆ ಯಾರು ಬರುತ್ತಾರೆ? ಆ ಪಲ್ಪರ್‌ಗೆ ಹಣ್ಣು ತಂದು ಸುರಿದವರು ಯಾರು?

2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಬೆಲೆ ಬರಲಿ, ಬೆಳೆಗಾರರು ಉಳಿಯಲಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು. ಅದರ ಒಂದೊಂದು ಹಣ್ಣನ್ನೂ ಯಾರದೋ ಬೆರಳು ಕಿತ್ತಿದೆ. ಆ ಬೆರಳಿಗೆ ಸಿಕ್ಕಿದ್ದು ಏನು? ಒಂದು ಪಟ್ಟಿ ನೋವಿನ ಮಾತ್ರೆ!

ಆ ಮಾತ್ರೆಯ ಬಗ್ಗೆಯೂ ಕೇಳಿ. ಅಂಗಡಿಯಲ್ಲಿ ಸಿಕ್ಕ ಮಾತ್ರೆಯನ್ನು ದಿನಾ ನುಂಗಬೇಡಿ. ಹೊಟ್ಟೆ ಹುಣ್ಣಾಗುತ್ತೆ. ಮೂತ್ರಪಿಂಡ ಕೆಡುತ್ತೆ. ನೋವು ಮುಚ್ಚಿಕೊಂಡು ದುಡಿದರೆ ಒಳಗಿನ ಗಾಯ ದೊಡ್ಡದಾಗುತ್ತೆ. ಕೈ ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳಬೇಡಿ!

ಇದು ಕೆಲಸದಿಂದ ಬಂದ ರೋಗ. ಲೋಕಕ್ಕೇ ಗೊತ್ತು!

1700ರಲ್ಲೇ ಇಟಲಿಯಲ್ಲಿ ಬರ್ನಾರ್ಡಿನೊ ರಾಮಝಿನಿ ಅನ್ನೋ ವೈದ್ಯ ಕೆಲಸಗಾರರ ರೋಗಗಳ ಮೇಲೆ ಪುಸ್ತಕ ಬರೆದ. ದಿನವಿಡೀ ಬರೆಯುವ ಗುಮಾಸ್ತರ ಕೈ ಯಾಕೆ ಸೋಲುತ್ತೆ ಅಂತ ಅದರ 1713ರ ಆವೃತ್ತಿಯಲ್ಲಿ ಹೇಳಿದ. ರೋಗಿ ಬಂದರೆ ‘ನೀನು ಏನು ಕೆಲಸ ಮಾಡ್ತೀಯ?’ ಅಂತಲೂ ಕೇಳಿ ಅಂತ ವೈದ್ಯರಿಗೆ ಬುದ್ಧಿ ಹೇಳಿದ. ಮುನ್ನೂರು ವರ್ಷ ದಾಟಿತು. ನಿಮ್ಮನ್ನು ಯಾರಾದರೂ ಆ ಪ್ರಶ್ನೆ ಕೇಳಿದ್ದಾರಾ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿಯನ್ನು ಪರಿಷ್ಕರಿಸಿತು. ಅದರಲ್ಲಿ ಕಾರ್ಪಲ್ ಟನಲ್ ಇದೆ. ಹೆಬ್ಬೆರಳ ಬುಡದ ಊತ ಇದೆ. ಮೊಣಕೈ ನೋವು ಇದೆ. ಮಿಷನ್ ನಡುಕದಿಂದ ಬರುವ ಕಾಯಿಲೆಯೂ ಇದೆ. ಇದು ನಮ್ಮ ಹಣೆಬರಹ ಅನ್ನುವವರಿಗೆ ಆ ಪಟ್ಟಿ ತೋರಿಸಿ!

ನಮ್ಮ ದೇಶದಲ್ಲಿ 1951ರಲ್ಲೇ ತೋಟ ಕಾರ್ಮಿಕರ ಕಾಯ್ದೆ ಬಂತು. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಅಂತ ಅದರಲ್ಲಿ ಬರೆದಿತ್ತು. ವೈದ್ಯಕೀಯ ಸೌಲಭ್ಯ ಇತ್ತು. ಕಾಯಿಲೆ ಬಿದ್ದರೆ ಭತ್ಯೆ ಇತ್ತು. ಮುಂದೆ ತಿದ್ದುಪಡಿಯಾದ ಮೇಲೆ ಐದು ಹೆಕ್ಟೇರ್ ಜಾಗ, ಹದಿನೈದು ಆಳು ಇದ್ದರೆ ಸಾಕು, ಆ ತೋಟಕ್ಕೆ ಕಾಯ್ದೆ ಅನ್ವಯಿಸುತ್ತಿತ್ತು. ಸಂಸತ್ತು 2020ರಲ್ಲಿ ಒಪ್ಪಿದ ಕಾರ್ಮಿಕ ಸಂಹಿತೆಯೊಳಗೆ ಆ ಕಾಯ್ದೆಯನ್ನು ಸೇರಿಸಿದ್ದಾರೆ. ಕಾಯ್ದೆಯ ಹೆಸರು ಬದಲಾಗಲಿ. ವಿಶ್ರಾಂತಿ ಕೇಳುವ ಬಾಯಿ ನಾವು ಮುಚ್ಚಬೇಕಾಗಿಲ್ಲ!

ಕೈ ಕಡಿದು ರಕ್ತ ಸುರಿದರೆ ಅಪಘಾತ ಅಂತ ಬರೆದುಕೊಳ್ಳುತ್ತಾರೆ. ಜೀಪು ಓಡುತ್ತೆ. ಅದೇ ಕೈ ಹತ್ತು ವರ್ಷ ಇಷ್ಟಿಷ್ಟೇ ಸವೆದು ಸತ್ತರೆ? ಯಾವ ಪುಸ್ತಕದಲ್ಲೂ ಬರೆಯಲ್ಲ! ಮಂಗನ ಕಾಯಿಲೆ ಬಂದರೆ ಮಲೆನಾಡಿನ ಊರೂರಿಗೂ ಎಚ್ಚರಿಕೆ ಬರುತ್ತೆ, ಬರಲೇಬೇಕು. ಸಾವಿರಾರು ಕೈ ಸದ್ದಿಲ್ಲದೆ ಹೋಗುತ್ತಿರುವಾಗ ಯಾಕೆ ಒಂದು ಶಿಬಿರವೂ ಕಾಣಲ್ಲ?

ಅವರು ಗೆದ್ದರು. ನಾವೂ ಗೆಲ್ಲಬಹುದು!

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಗಾರರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ದಿನವಿಡೀ ನೆಲಕ್ಕೆ ಬಾಗಿಯೇ ಕಳೆ ತೆಗೆಯಬೇಕು. ಯಾರು ಬಾಗಿದ್ದಾರೆ, ಯಾರು ಎದ್ದು ನಿಂತಿದ್ದಾರೆ ಅಂತ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕೂಲಿಗಾರರ ಬೆನ್ನು ಮುರಿಯಿತು. ಉದ್ದ ಹಿಡಿ ಕೊಟ್ಟರೆ ಬೆಳೆ ಹಾಳಾಗುತ್ತೆ ಅಂತ ಮಾಲೀಕರು ವಾದಿಸಿದರು.

ಕೂಲಿಗಾರರು ಸುಮ್ಮನಿರಲಿಲ್ಲ. ಅರ್ಜಿ ಕೊಟ್ಟರು. ವೈದ್ಯರೂ ಬಂದು ಸಾಕ್ಷಿ ಹೇಳಿದರು. ಆದರೂ ಮೊದಲು ತಳ್ಳಿಹಾಕಿದರು. ಕೋರ್ಟಿಗೆ ಹೋದರು. ಸೀಸರ್ ಚಾವೆಜ್ ಕಟ್ಟಿದ ಕೂಲಿಗಾರರ ಸಂಘ ಬೆನ್ನಿಗೆ ನಿಂತಿತು. 1975ರಲ್ಲಿ ಆ ಗಿಡ್ಡ ಗುದ್ದಲಿಗೆ ನಿಷೇಧ ಬಿತ್ತು! ಬೆಳೆ ಹಾಳಾಗಲಿಲ್ಲ. ಬೆನ್ನು ಉಳಿಯಿತು.

ಅವರ ಹತ್ತಿರ ಹಣ ಇರಲಿಲ್ಲ. ನಮ್ಮ ಹತ್ತಿರವೂ ಇಲ್ಲ. ಅವರು ಒಟ್ಟಾಗಿ ಹೇಳಿದರು. ನಾವೂ ಹೇಳಬೇಕು!

ಇವತ್ತಿಂದಲೇ ನೀವು ಮಾಡಬೇಕಾದ್ದು

ಕೈ ಜೋಮು ಎರಡು ವಾರ ದಾಟಿದರೆ ಕಳಸದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೈ ನೋವು ಅಂತ ಅಷ್ಟೇ ಹೇಳಿ ಬರಬೇಡಿ. ‘ಇಷ್ಟು ವರ್ಷದಿಂದ ಕಾಫಿ ಕೊಯ್ಯುತ್ತೇನೆ, ಅಡಿಕೆ ಸುಲಿಯುತ್ತೇನೆ, ಮಿಷನ್ ಹಿಡಿಯುತ್ತೇನೆ’ ಅಂತ ಬಿಡಿಸಿ ಹೇಳಿ. ನಿಮ್ಮ ಕೆಲಸದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ! ಆ ಚೀಟಿ ಕಳೆದುಕೊಳ್ಳಬೇಡಿ. ನಾಳೆ ಅದೇ ನಿಮ್ಮ ಸಾಕ್ಷಿ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೂ, ಬಸುರಿಯರಿಗೂ ಜೋಮು ಬರಬಹುದು. ಸಂಧಿವಾತವೂ ಇರಬಹುದು. ಅದನ್ನೂ ಪರೀಕ್ಷೆ ಮಾಡಿಸಿ.

ರಾತ್ರಿ ಮಲಗುವಾಗ ಮಣಿಕಟ್ಟು ಮಡಚಬೇಡಿ. ನೆಟ್ಟಗೆ ಇರಲಿ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತೆ, ಡಾಕ್ಟರನ್ನು ಕೇಳಿ ಕಟ್ಟಿಕೊಳ್ಳಿ. ಬಿಗಿಯಾಗಿ ದಾರ, ಬಟ್ಟೆ ಕಟ್ಟಬೇಡಿ.

ಕೆಲಸದ ನಡುವೆ ಗಂಟೆಗೊಮ್ಮೆ ಕೈ ಕೆಳಗೆ ಬಿಡಿ. ಬೆರಳು ಚಾಚಿ. ಭುಜ ತಿರುಗಿಸಿ. ಒಂದೇ ಕೈ ಬಳಸಬೇಡಿ, ಎಡಗೈಗೂ ಕಲಿಸಿ. ಮಿಷನ್ ಹಿಡಿಯುವ ಹುಡುಗರೇ, ಹಿಡಿಯನ್ನು ಬಿಗಿ ಹಿಡಿದು ಹಿಚುಕಬೇಡಿ. ಭುಜದ ಬೆಲ್ಟ್ ನಿಮ್ಮ ಎತ್ತರಕ್ಕೆ ಸರಿ ಮಾಡಿಕೊಳ್ಳಿ. ಕೈ ಒಣಗಿರಲಿ, ಬೆಚ್ಚಗಿರಲಿ. ಒಬ್ಬನೇ ಇಡೀ ದಿನ ಹಿಡಿಯಬೇಡಿ, ಇಬ್ಬರು ಬದಲಾಯಿಸಿಕೊಳ್ಳಿ!

ನಾವು ಒಟ್ಟಾಗಿ ಕೇಳಬೇಕಾದ್ದು

ಒಬ್ಬರು ಕೇಳಿದರೆ ಒಬ್ಬರನ್ನು ಬಿಡಿಸುತ್ತಾರೆ. ಇಡೀ ಲೈನು ಕೇಳಿದರೆ? ಇಡೀ ಸೀಮೆ ಕೇಳಿದರೆ? ಹಣ್ಣು ಗಿಡದಲ್ಲಿ ಕಾಯುವುದಿಲ್ಲ, ಅದು ನಮಗಿಂತ ಚೆನ್ನಾಗಿ ಮಾಲೀಕರಿಗೆ ಗೊತ್ತು!

1. ಗಂಟೆಗೆ ಐದು ನಿಮಿಷ ಬಿಡುವು ಕೊಡಿ. ಕೂಲಿ ಹಿಡಿಯಬೇಡಿ. ನೀರು, ನೆರಳು ಹತ್ತಿರ ಇರಲಿ.

2. ಕೆಜಿ ಲೆಕ್ಕದಲ್ಲಿ ದುಡಿಯುವವರಿಗೂ ದಿನದ ಕನಿಷ್ಠ ಕೂಲಿಯ ಖಾತ್ರಿ ಬೇಕು. ನೋವಿದ್ದ ದಿನ ಕಡಿಮೆ ಕೊಯ್ದರೆ ಹೊಟ್ಟೆಗೆ ಹೊಡೆಯಬೇಡಿ.

3. ಒಂದೇ ಕೆಲಸ ವಾರಗಟ್ಟಲೆ ಬೇಡ. ಅರ್ಧ ದಿನ ಕೊಯ್ಲು, ಅರ್ಧ ದಿನ ಕಣದ ಕೆಲಸ ಅಂತ ಹಂಚಿ.

4. ಕತ್ತರಿ ಹರಿತ ಇರಲಿ. ಹೆಂಗಸರ ಕೈಗೆ ಹಿಡಿಯುವ ಅಳತೆಯದು ಕೊಡಿ. ಕಳೆ ಮಿಷನ್ ಸರ್ವೀಸ್ ಆಗಲಿ. ಅಡಿಕೆ ಸುಲಿಯಲು ಬೆನ್ನು ಆನಿಸುವ ಪೀಠ ಬೇಕು. ಸುಲಿಯುವ ಯಂತ್ರ ಬಂದರೆ ಅದರ ಮುಂದಿನ ಕೆಲಸ ಮೊದಲು ಸುಲಿಯುತ್ತಿದ್ದವರಿಗೇ ಸಿಗಲಿ.

5. ಚೀಲ ಅರ್ಧ ತುಂಬಿ. ಎರಡು ಸಲ ನಡೆಯುತ್ತೇವೆ, ಸೊಂಟ ಮುರಿದುಕೊಳ್ಳಲ್ಲ.

6. ನೋವು ಹೇಳಿದವರನ್ನು ಬಿಡಿಸಬೇಡಿ. ಹಗುರ ಕೆಲಸ ಕೊಡಿ. ಚಿಕಿತ್ಸೆಯ ಖರ್ಚು ಕೊಡಿ.

7. ಸರ್ಕಾರಕ್ಕೆ ಹೇಳುತ್ತೇವೆ: ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ಘಾಟಿ ದಾರಿ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ಹೋಗುತ್ತೆ. ಸೀಸನ್‌ಗೆ ಮೊದಲು, ಸೀಸನ್ ಮುಗಿದ ಮೇಲೆ ಮೂಳೆ ಡಾಕ್ಟರು, ಫಿಸಿಯೋಥೆರಪಿಯವರು ಕಳಸಕ್ಕೇ ಬರಲಿ!

ಸಣ್ಣ ಬೆಳೆಗಾರರೇ, ನಿಮಗೂ ಒಂದು ಮಾತು. ನೀವೂ ನಮ್ಮ ಜೊತೆ ಗಿಡದ ಬುಡದಲ್ಲಿ ನಿಂತು ಕೊಯ್ಯುತ್ತೀರಿ. ನಿಮ್ಮ ಮನೆಯ ಹೆಂಗಸರೂ ರಾತ್ರಿ ಅಡಿಕೆ ಸುಲಿಯುತ್ತಾರೆ. ನಿಮ್ಮ ಹೆಬ್ಬೆರಳೂ ನೋಯುತ್ತೆ. ಈ ಶಿಬಿರ, ಈ ಚಿಕಿತ್ಸೆ ನಿಮಗೂ ಬೇಕು. ನಮ್ಮ ಜೊತೆ ಸೇರಿ!

ಮೊದಲ ಹೆಜ್ಜೆ: ಪಟ್ಟಿ ಬರೆಯಿರಿ!

ಈ ವಾರವೇ ಶುರು ಮಾಡಿ. ನಿಮ್ಮ ಲೈನಿನಲ್ಲಿ, ನಿಮ್ಮ ಕಾಲೋನಿಯಲ್ಲಿ ಸಂಜೆ ಒಂದು ಗಂಟೆ ಕೂತುಕೊಳ್ಳಿ. ಶಾಲೆಗೆ ಹೋಗುವ ಮಕ್ಕಳ ಕೈಗೆ ಪೆನ್ನು ಕೊಡಿ. ಯಾರಿಗೆ ಎಲ್ಲಿ ನೋವು, ಯಾವ ಕೆಲಸ, ಎಷ್ಟು ವರ್ಷದಿಂದ, ರಾತ್ರಿ ಎಚ್ಚರ ಆಗುತ್ತಾ, ಎಷ್ಟು ದಿನ ಕೆಲಸ ತಪ್ಪಿತು ಅಂತ ಬರೆಸಿ. ಹೊರಗಿನಿಂದ ಬಂದವರ ಹೆಸರನ್ನೂ ಸೇರಿಸಿ. ಹೆದರುವವರ ಹೆಸರು ಬಿಟ್ಟು ನೋವು ಮಾತ್ರ ಬರೆಯಿರಿ.

ಆ ಪಟ್ಟಿಯ ಒಂದು ಪ್ರತಿ ಆಸ್ಪತ್ರೆಗೆ. ಒಂದು ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಗೆ. ಒಂದು ಪಂಚಾಯ್ತಿಗೆ. ಒಂದು ನಿಮ್ಮ ಹತ್ತಿರವೇ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ! ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಮಾತು ಮುಗಿದ ಮೇಲೆ ಎದ್ದು ನಿಲ್ಲಿ. ಪಟ್ಟಿ ಓದಿ. ನಡವಳಿಯಲ್ಲಿ ಬರೆಯುವವರೆಗೆ ಕೂರಬೇಡಿ.

ಆಶಾ ಕಾರ್ಯಕರ್ತೆಯರೇ, ಶಾಲೆಯ ಮೇಷ್ಟ್ರೇ, ಆಟೋ ಓಡಿಸುವ ತಮ್ಮಂದಿರೇ, ನೀವೂ ಈ ಮಾತು ಮನೆಮನೆಗೆ ಮುಟ್ಟಿಸಿ!

ಈ ಕೈ ನಂಬಿ ಮನೆಯ ಒಲೆ ಉರಿಯುತ್ತಿದೆ. ಮಕ್ಕಳ ಫೀಸು ಕಟ್ಟುತ್ತಿದೆ. ಇದು ಹೋದರೆ ನಮಗೆ ಬೇರೆ ಆಸ್ತಿ ಇಲ್ಲ. ಇನ್ನೊಂದು ಸೀಸನ್ ಸುಮ್ಮನೆ ಕಳೆಯಬೇಡಿ. ಇವತ್ತೇ ಪಕ್ಕದ ಮನೆಯ ಬಾಗಿಲು ಬಡಿಯಿರಿ. ‘ನಿನಗೂ ಕೈ ನೋಯುತ್ತಾ?’ ಅಂತ ಕೇಳಿ. ಬನ್ನಿ, ಪಟ್ಟಿ ಬರೆಯೋಣ! ಬನ್ನಿ, ಒಟ್ಟಾಗಿ ಕೇಳೋಣ!

ಕೈಗೆ ಬಿಡುವು ಕೊಡಿ!
ನೋವಿಗೆ ಚಿಕಿತ್ಸೆ ಕೊಡಿ!
ದುಡಿದ ಕೈಗೆ ನ್ಯಾಯ ಕೊಡಿ!

ಇಂತಿ,
ಕಳಸ ಸೀಮೆಯ ತೋಟದ ಕೂಲಿಗಾರರು

ಓದಿ, ಓದಿ ಹೇಳಿ, ಇನ್ನೊಬ್ಬರ ಕೈಗೆ ದಾಟಿಸಿ!